ಸೆಡಾನ್ ಕಾರು: ಮೆಚ್ಚುಗೆ ಮತ್ತು ಲೆಕ್ಕ

ರಾಯಚೂರಿನ ಹತ್ತಿ ವರ್ತಕರಲ್ಲಿಯೂ ಮಾನ್ವಿಯ ಅಕ್ಕಿ ಗಿರಣಿದಾರರಲ್ಲಿಯೂ ಕಾರುಪ್ರಿಯರಿಗೆ ಕೊರತೆಯಿಲ್ಲ. ಜೆಕ್ ಮೂಲದ ಸ್ಕೋಡಾ ಕಂಪನಿಯು 2022ರಲ್ಲಿ ಬಿಡುಗಡೆ ಮಾಡಿದ ಸ್ಲಾವಿಯಾ ಸೆಡಾನ್ ಪುಣೆ ಬಳಿಯ ಚಾಕಣದಲ್ಲಿ ತಯಾರಾಗುತ್ತದೆ. 521 ಲೀಟರಿನ ಡಿಕ್ಕಿ, ದೇವದುರ್ಗದ ಹಳ್ಳಿರಸ್ತೆಗಳಿಗೂ ಒಪ್ಪುವ 179 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ಇದರ ಹಿರಿಮೆ.

ಆದರೆ ವರ್ತಕನು ಲೆಕ್ಕದ ಪುಸ್ತಕವನ್ನೂ ನೋಡಬೇಕು. ಉದ್ದವು 4 ಮೀಟರ್ ಮೀರಿರುವುದರಿಂದ 2025ರ ಸೆಪ್ಟೆಂಬರ್ 22ರಿಂದ ಇದಕ್ಕೆ ಶೇ. 40 ಜಿ.ಎಸ್.ಟಿ.; ಚಿಕ್ಕ ಪೆಟ್ರೋಲ್ ಕಾರಿಗೆ ಶೇ. 18. ಅಂದರೆ 10 ಲಕ್ಷ ರೂ. ಮೂಲಬೆಲೆಗೆ 4 ಲಕ್ಷ ರೂ. ತೆರಿಗೆ. ಸ್ವಂತ ಓಡಾಟದ ಕಾರಿಗೆ 17(5)ನೇ ಕಲಮಿನನ್ವಯ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯದು. ಆದಾಯ ತೆರಿಗೆಯಲ್ಲಿ ಸವಕಳಿ ಶೇ. 15, ಮೊದಲ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದರೆ ಅದರರ್ಧ.

ಲಾಭದಿಂದ ಕೊಂಡ ಕಾರು ಸುಖ ಕೊಡುತ್ತದೆ. ಹತ್ತಿ ಹಂಗಾಮಿನ ದುಡಿಯುವ ಬಂಡವಾಳದಿಂದ ಕೊಂಡುದು ಬಡ್ಡಿಯನ್ನು ಬೆಳೆಸುತ್ತದೆ.