ಶೇಂಗಾ ಸೀಮೆಯಿಂದ ಹೊರಟ ಸೂಟ್‌ಕೇಸು

ಗೋಕಾಕದ ಪೇಟೆಯಲ್ಲಿ ಕರದಂಟಿನ ಅಂಗಡಿ ಹತ್ತಿರ ಬಂತೆಂದು ಮೂಗೇ ಹೇಳುತ್ತದೆ. ಮೊದಲು ತುಪ್ಪದ ಘಮ, ಅದರ ಬೆನ್ನಿಗೇ ಬೆಲ್ಲದ ಪಾಕದ್ದು. ತುಪ್ಪದಲ್ಲಿ ಅರಳಿದ ಅಂಟು, ಹೆರೆದ ಒಣಕೊಬ್ಬರಿ, ಗೋಡಂಬಿ, ಬಾದಾಮಿ, ಅಂಜೂರ, ಉತ್ತತ್ತಿ ಎಲ್ಲವೂ ಪಾಕದಲ್ಲಿ ಕಲೆತು ತಟ್ಟೆಗಿಳಿದು, ಆರುವ ಮೊದಲೇ ಚೌಕ ಚೌಕ ತುಂಡುಗಳಾಗುತ್ತವೆ. ದುಬೈಗೋ ಅಮೆರಿಕಕ್ಕೋ ಹೊರಟವರ ಸೂಟ್‌ಕೇಸಿನಲ್ಲಿ ಸ್ವೆಟರಿಗಿಂತ ಮುಂಚೆ ಜಾಗ ಹಿಡಿಯುವುದು ಈ ಡಬ್ಬಿಗಳೇ.

ಗಲ್ಲೆಯ ಮುಂದೆ ತಾಯಿ, ಮಗಳು ನಿಂತಿದ್ದಾರೆ. ಹುಕ್ಕೇರಿಯವರು. ಮಗಳು ಎಂ.ಎಸ್. ಓದಲು ಜರ್ಮನಿಗೆ ಹೊರಟಿದ್ದಾಳೆ. ಅಂಗಡಿಯಾತ ರೂಢಿಯಂತೆ ಒಂದು ಚೂರು ಮುರಿದು ಕೈ ಚಾಚುತ್ತಾನೆ.

‘ತಿಂದ ನೋಡ್ರಿ, ಅಕ್ಕಾರ.’

‘ಇದರಾಗ ಶೇಂಗಾ ಹಾಕೀರೇನ್ರಿ?’ ತಾಯಿ ಕೇಳುತ್ತಾಳೆ.

‘ಛೇ! ಎಲ್ಲಾ ಡ್ರೈಫ್ರೂಟ್ಸ್ ರೀ. ಶೇಂಗಾ ಎಲ್ಲಿಂದ ಬರಬೇಕು?’

‘ಹಂಗಲ್ರಿ. ಶೇಂಗಾ ಚಿಕ್ಕಿನೂ ಇದ ಚಾಕುದಿಂದ ಕೊಯ್ತೀರೇನು?’

ಆತ ಚಾಕುವಿನ ಕಡೆ ನೋಡುತ್ತಾನೆ. ಚಾಕು ಒಂದೇ. ಮಾಲಿನ ಮೇಲೆ ಸಂಶಯಪಟ್ಟರೆಂದು ಮುಖ ಬಿಗಿಯಾಗಿತ್ತು. ‘ಹುಡುಗಿಗೆ ಶೇಂಗಾ ಆಗಿಬರೂದಿಲ್ರಿ, ಉಸರ ಕಟ್ಟತೈತಿ’ ಎಂದಮೇಲೆ ಸಡಿಲಾಗುತ್ತದೆ. ‘ಹಂಗಾರ ಬ್ಯಾಡ ಬಿಡ್ರಿ’ ಎಂದು ಚೂರನ್ನು ತಾನೇ ಬಾಯಿಗೆ ಹಾಕಿಕೊಳ್ಳುತ್ತಾನೆ.

ಶೇಂಗಾ ಒಗ್ಗದವರಿಗೆ ಬೆಳಗಾವಿ ಸೀಮೆಯ ಅಡುಗೆಮನೆಯಷ್ಟು ಬಿಗಿಯಾದ ಜಾಗ ಇನ್ನೊಂದಿರಲಿಕ್ಕಿಲ್ಲ. ರೊಟ್ಟಿಯ ಪಕ್ಕಕ್ಕೆ ಶೇಂಗಾ ಹಿಂಡಿ, ಬದನೆಕಾಯಿ ಎಣ್ಣೆಗಾಯಿಯ ಹೊಟ್ಟೆಯೊಳಗೆ ಶೇಂಗಾ ಪುಡಿ, ಅವಲಕ್ಕಿಗೆ ಶೇಂಗಾ, ಚುರಮರಿಗೆ ಶೇಂಗಾ, ಹಬ್ಬಕ್ಕೆ ಶೇಂಗಾ ಹೋಳಿಗೆ. ಅಗಸಿ ಹಿಂಡಿ, ಗುರೆಳ್ಳು ಹಿಂಡಿ ನಿರಪಾಯ ಅನ್ನೋಣವೆಂದರೆ ಅವನ್ನು ಕುಟ್ಟುವುದೂ ಅದೇ ಕಲ್ಲಿನಲ್ಲಿ. ಗಾಣದ ಎಣ್ಣೆಯಲ್ಲಿ ಶೇಂಗಾದ ಪ್ರೋಟೀನು ಉಳಿದಿರುತ್ತದೆ. ರಿಫೈನ್ಡ್ ಎಣ್ಣೆಯಲ್ಲಿ ಬಹುಪಾಲು ಹೋಗಿರುತ್ತದೆ. ಹುರಿದರೂ ಕರಿದರೂ ಆ ಪ್ರೋಟೀನು ಸಾಯುವುದಿಲ್ಲ.

ಈ ಹುಡುಗಿಯದು ಗೊತ್ತಾದದ್ದು ಒಂದು ನಾಗರಪಂಚಮಿಗೆ. ಉಂಡಿಗಳ ಹಬ್ಬ ಅದು. ಅರ್ಧ ಶೇಂಗಾ ಉಂಡಿ ಹೊಟ್ಟೆಗೆ ಹೋಗುವಷ್ಟರಲ್ಲಿ ತುಟಿ ಬಾತು, ಮೈತುಂಬ ದದ್ದೆದ್ದು, ಎದೆ ಸುಂಯ್‌ಗುಟ್ಟಿತು. ‘ದೃಷ್ಟಿ ಆಗೇತಿ’ ಎಂದು ಅಜ್ಜಿ ಉಪ್ಪು ನಿವಾಳಿಸಲು ಎದ್ದಳು; ಅಪ್ಪ ಬೈಕ್ ತೆಗೆದ. ಆಸ್ಪತ್ರೆಯಲ್ಲಿ ತೊಡೆಗೆ ಕೊಟ್ಟ ಅಡ್ರಿನಲಿನ್ ಇಂಜೆಕ್ಷನ್ ಅವಳನ್ನು ಉಳಿಸಿತು. ಅಂದಿನಿಂದ ಆ ಮನೆಯಲ್ಲಿ ಮಿಕ್ಸರಿನ ಜಾರು ಎರಡು, ಸೌಟು ಎರಡು.

ನೆಂಟರು ನಂಬದಿರುವುದಕ್ಕೂ ಕಾರಣವಿದೆ. ಬೆಂಗಳೂರು, ಮೈಸೂರುಗಳ ವಯಸ್ಕರಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶೇ. 26.5ರಷ್ಟು ಜನರ ರಕ್ತ ಯಾವುದಾದರೊಂದು ಆಹಾರಕ್ಕೆ ಪ್ರತಿಕ್ರಿಯೆ ತೋರಿಸಿತ್ತು. ಆದರೆ ತಿಂದಾಗ ನಿಜಕ್ಕೂ ತೊಂದರೆಯಾಗುವ ಸಂಭವವಿದ್ದವರು ಶೇ. 1.2 ಮಾತ್ರ. ಅಪರೂಪದ್ದನ್ನು ಊರು ಸುಲಭಕ್ಕೆ ಒಪ್ಪುವುದಿಲ್ಲ.

ಮೂಡಲಗಿಯ ಸೋದರತ್ತೆಯ ಮನೆಯಲ್ಲಿ ಬೀಳ್ಕೊಡುಗೆಯ ಊಟ. ಕಬ್ಬಿನ ಹೊಲದ ನಡುವಿನ ಮನೆ, ಪಡಸಾಲೆಯಲ್ಲಿ ಸಾಲು ತಾಟು. ಬಡಿಸುವ ಕೈಗೆ ‘ಸಾಕು’ ಎಂಬುದು ಕೇಳಿಸದ ಸೀಮೆ ಇದು. ಹುಡುಗಿ ತನ್ನ ಡಬ್ಬಿ ಬಿಚ್ಚುತ್ತಾಳೆ.

‘ಯವ್ವಾ, ದೇಶಾ ಬಿಟ್ಟ ಹೊಂಟಿ, ಅತ್ತಿ ಕೈಯಾಂದ ಒಂದ ತುತ್ತರ ತಿನ್ನ. ಎಣ್ಣಿಗಾಯಾಗಿನ ಶೇಂಗಾ ಸರಿಸಿ ಹಾಕತೀನಿ.’

‘ಸರಿಸಿದ್ರ ನಡಿಯೂದಿಲ್ಲ ಅತ್ತಿ. ಹಾಲ ಕುಡಿತೀನಿ, ನಿನ್ನ ಎಮ್ಮಿದು.’

ಅತ್ತೆಯ ಮುಖ ಸಣ್ಣದಾಗುತ್ತದೆ. ಹುಡುಗಿಯ ದನಿ ಮಾತ್ರ ಅಳುಕುವುದಿಲ್ಲ. ಪಾಸ್‌ಪೋರ್ಟು, ವೀಸಾಗಳಿಗಿಂತ ದೊಡ್ಡ ತಯಾರಿ ಇದೇ: ಪ್ರೀತಿಯಿಂದ ಬಡಿಸಿದ್ದನ್ನೂ ಬೇಡವೆನ್ನುವ ಗಟ್ಟಿತನ. ಅತ್ತೆಯೆದುರು ಬಂದ ಧೈರ್ಯ ಅಪರಿಚಿತ ಮಾಣಿಯೆದುರು ಕೈಕೊಡಲಾರದು.

ಹುಕ್ಕೇರಿಯ ಮನೆಯ ಮಂಚದ ಮೇಲೆ ಬಾಯ್ತೆರೆದ ಸೂಟ್‌ಕೇಸು. ಅದಕ್ಕಿಂತ ಮುಖ್ಯವಾದದ್ದು ಪಕ್ಕದಲ್ಲಿರುವ ಅಂಗೈಯಗಲದ ಕೆಂಪು ಪರ್ಸು. ಒಳಗೆ ಕಂದು ಗಾಜಿನ ಪುಟ್ಟ ಆಂಪ್ಯೂಲುಗಳು. ಒಂದೊಂದರಲ್ಲಿ ಒಂದು ಮಿಲಿಲೀಟರ್ ಅಡ್ರಿನಲಿನ್. ಜತೆಗೆ ಸಿರಿಂಜು, ಸೂಜಿ, ವೈದ್ಯರ ಪತ್ರ, ಔಷಧ ಚೀಟಿ. ಒತ್ತಿದೊಡನೆ ತಾನೇ ಚುಚ್ಚುವ ಆಟೊ ಇಂಜೆಕ್ಟರ್ ನಮ್ಮ ಊರುಗಳ ಔಷಧದಂಗಡಿಯಲ್ಲಿ ಸಿಗುವಂಥದ್ದಲ್ಲ. ಜರ್ಮನಿ ಮುಟ್ಟಿದ ಮೇಲೆ ಅಲ್ಲಿನ ವೈದ್ಯರಿಂದ ಬರೆಸಿಕೊಳ್ಳಬೇಕು. ಅಲ್ಲಿಯವರೆಗೆ ಇದೇ ಗತಿ. ಗಾಜಿನ ಕುತ್ತಿಗೆ ಚಟ್ಟನೆ ಮುರಿಯುವುದು, ಡಾಕ್ಟರು ಗುರುತು ಹಾಕಿಕೊಟ್ಟ ಗೆರೆಯವರೆಗೆ ಎಳೆಯುವುದು, ತೊಡೆಯ ಹೊರಬದಿಯ ನಡುಭಾಗಕ್ಕೆ ನೇರ ಚುಚ್ಚುವುದು: ಇಷ್ಟನ್ನೂ ಡಾಕ್ಟರು ಕಲಿಸಿದ್ದಾರೆ. ಅವಳು ಬರಿ ನೀರು ತುಂಬಿಸಿ ಬಾಳೆಹಣ್ಣಿಗೆ ಚುಚ್ಚಿ ಕೈ ಪಳಗಿಸಿಕೊಂಡಿದ್ದಾಳೆ. ದದ್ದು ಇಳಿಸುವ ಸಿಟ್ರಿಜಿನ್ ಮಾತ್ರೆಯೂ ಪರ್ಸಿನಲ್ಲಿದೆ. ಉಸಿರು ಕಟ್ಟಿದಾಗ ಅದನ್ನು ನಂಬಿ ಕೂರುವಂತಿಲ್ಲ. ಇಂಜೆಕ್ಷನ್ ಆದಮೇಲೆ ‘ಆರಾಮ ಆತು’ ಎಂದು ಎದ್ದು ಓಡಾಡುವಂತೆಯೂ ಇಲ್ಲ. ಮಲಗಿರಬೇಕು, ಯುರೋಪಿನಲ್ಲಾದರೆ 112ಕ್ಕೆ ಕರೆಮಾಡಿ ಆಸ್ಪತ್ರೆ ಸೇರಬೇಕು. ಕೆಲವೊಮ್ಮೆ ತಾಸುಗಳ ನಂತರ ಎರಡನೆಯ ಅಲೆ ಏಳುತ್ತದೆ.

ಪರ್ಸು ಲಗೇಜಿಗೆ ಹೋಗುವುದಿಲ್ಲ, ಕೈಚೀಲದಲ್ಲೇ ಬೆಳಗಾವಿಯ ಸಾಂಬ್ರಾ ನಿಲ್ದಾಣದಲ್ಲಿ ವಿಮಾನ ಹತ್ತುತ್ತದೆ. ಜತೆಗೆ ಮನೆಯ ಚಪಾತಿ. ವಿಮಾನದಲ್ಲಿ ಮುಂದಿನ ಸೀಟಿನವರು ಏನು ಜಗಿಯುತ್ತಾರೆಂದು ಯಾವ ಕಂಪನಿಯೂ ಖಾತ್ರಿ ಕೊಡುವುದಿಲ್ಲ. ಕೂತೊಡನೆ ಊಟದ ಹಲಗೆ ಒರೆಸಿಕೊಳ್ಳುವುದು ಅವಳ ಮೊದಲ ಕೆಲಸ.

ಜರ್ಮನಿಯಲ್ಲಿ ಕಾನೂನು ಅವಳ ಕಡೆಗಿದೆ. ಶೇಂಗಾ, ಎಳ್ಳು, ಸಾಸಿವೆ, ಹಾಲು, ಮೊಟ್ಟೆ, ಗೋಧಿ ಸೇರಿದಂತೆ 14 ಬಗೆಯ ಅಲರ್ಜಿಕಾರಕಗಳನ್ನು ಪೊಟ್ಟಣದ ಮೇಲೆ ಎದ್ದು ಕಾಣುವ ಅಕ್ಷರದಲ್ಲಿ ಮುದ್ರಿಸಬೇಕೆಂಬ ಐರೋಪ್ಯ ಒಕ್ಕೂಟದ ನಿಯಮ 2014ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಹೋಟೆಲು, ಕ್ಯಾಂಟೀನುಗಳೂ ಕೇಳಿದವರಿಗೆ ಹೇಳಲೇಬೇಕು. ಆದರೆ ‘ಶೇಂಗಾದ ಅಂಶ ಸೇರಿರಬಹುದು’ ಎಂಬ ಎಚ್ಚರಿಕೆ ಕಡ್ಡಾಯವಲ್ಲ, ಕಂಪನಿಯ ಮರ್ಜಿ. ಆ ಸಾಲು ಇಲ್ಲವೆಂದು ನಿಶ್ಚಿಂತೆಯಿಂದ ಇರಲಾಗದು.

ಅಪಾಯ ಪರದೇಶದ ತಿನಿಸಿನಿಂದಲೇ ಬರಬೇಕೆಂದಿಲ್ಲ. ವಿದ್ಯಾರ್ಥಿಗಳು ಹಂಚಿಕೊಂಡ ಅಡುಗೆಮನೆಯಲ್ಲಿ ಶನಿವಾರ ರಾತ್ರಿ ಧಾರವಾಡದವರು, ವಿಜಯಪುರದವರು ಕೂಡಿದರೆಂದರೆ ಊರಿಂದ ಬಂದ ಶೇಂಗಾ ಹಿಂಡಿಯ ಡಬ್ಬಿ ತೆರೆಯಿತೆಂದೇ ಅರ್ಥ. ಅದರ ಮೇಲೆ ಚೀಟಿ ಇಲ್ಲ, ದಪ್ಪಕ್ಷರ ಇಲ್ಲ. ಹಿಂಡಿ ತೆಗೆದ ಚಮಚೆಯೇ ಪಲ್ಯಕ್ಕೂ ಬೀಳುತ್ತದೆ. ಹಾಗಾಗಿ ಕೋಣೆಯ ಗೆಳತಿಯರಿಗೆ ಅವಳು ಬಂದ ದಿನವೇ ಎರಡು ಸಂಗತಿ ತಿಳಿಸಿದ್ದಾಳೆ: ತನ್ನ ಬಾಣಲೆ ಬೇರೆ, ಕೆಂಪು ಪರ್ಸು ಇರುವ ಜಾಗ ಇದು.

ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಪಟ್ಟಿ ತೋರಿಸಿರೆಂದು ಕೇಳಿ, ಹಿಂದಿನ ಸಾಲು ಕಾಯುತ್ತಿದ್ದರೂ ಕೊನೆಯವರೆಗೆ ಓದಿ, ಸಂಶಯವಿದ್ದದ್ದನ್ನು ಬಿಟ್ಟು ಬೇಯಿಸಿದ ಆಲೂಗಡ್ಡೆ ಹಾಕಿಸಿಕೊಳ್ಳುತ್ತಾಳೆ. ರಾತ್ರಿ ಹುಕ್ಕೇರಿಯಿಂದ ವಿಡಿಯೊ ಕರೆ ಬರುತ್ತದೆ. ಉಳಿದ ಮನೆಗಳಲ್ಲಿ ಮೊದಲ ಮಾತು ‘ಊಟಾ ಆತೇನ?’ ಇಲ್ಲಿ ತಾಯಿ ಕೇಳುವುದು, ‘ಪರ್ಸ್ ಎಲ್ಲೈತಿ, ತೋರಸ.’ ಮಗಳು ಅದನ್ನು ಫೋನಿನ ಮುಂದೆ ಹಿಡಿಯುತ್ತಾಳೆ. ಊಟದ ವಿಚಾರ ಆಮೇಲೆ.