ಒಂದು ಬೆಳಕಿಂಡಿ, ಇಪ್ಪತ್ನಾಕು ತೂತು

ಹೋದ ಬೇಸಿಗೆ ಕೊಡಂಬಲದ ಸೋದರಮಾವನ ಮನೆಯಲ್ಲಿ ಪಿಒಪಿ ಕೆಲಸ ನಡೆದಿತ್ತು. ಲೈಟು ಹುದುಗಿಸಲು ತೂತು ಕೊರೆಯುತ್ತಿದ್ದರು; ಡ್ರಿಲ್ಲಿಗೆ ಸಿಕ್ಕಿಸಿದ ದುಂಡು ಗರಗಸ ಸೀಲಿಂಗಿಗೆ ತಾಗಿದಾಗಲೆಲ್ಲ ಹಿಟ್ಟಿನ ಗಿರಣಿಯಂತೆ ಬಿಳಿ ಪುಡಿ ಸುರಿಯುತ್ತಿತ್ತು. ಹೊಸ್ತಿಲ ಹತ್ತಿರ ಕೂತಿದ್ದ ಆಯಿ ಬೆರಳು ಮಡಚಿ ಎಣಿಸಿದಳು. "ಅಲ್ಲಪಾ, ಇದ್ದದ್ದೊಂದು ಬೆಳಕಿಂಡಿ ಮುಚ್ಚಿದ್ರಿ. ಈಗ ಇಪ್ಪತ್ನಾಕ್ ತೂತು ಕೊರಿಲತ್ತೀರಿ!"

ಎಲ್ಲರೂ ನಕ್ಕರು. ನನಗೆ ಮಾತ್ರ ಆ ಲೆಕ್ಕ ತಲೆಯಿಂದ ಹೋಗಲಿಲ್ಲ.

ಮಾಳಿಗೆ ಮನೆಯಲ್ಲಿ ಬೆಳೆದವರಿಗೆ ಬೆಳಕಿಂಡಿಯ ಬಗ್ಗೆ ಹೇಳಬೇಕಿಲ್ಲ. ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಹಲಗೆಯೋ ಕಟ್ಟಿಗೆಯೋ, ಎಲ್ಲದರ ಮೇಲೆ ದಪ್ಪಗೆ ಹಾಳುಮಣ್ಣು. ಸೆಕೆ ಒಳಗೆ ಬರುತ್ತಿರಲಿಲ್ಲ, ಬೆಳಕೂ ಬರುತ್ತಿರಲಿಲ್ಲ. ಅದಕ್ಕೇ ಅಡುಗೆಮನೆಯ ನೆತ್ತಿಗೆ ಒಂದು ತೂತು. ಒಲೆಯ ಹೊಗೆ ಅಲ್ಲಿಂದ ಮೇಲಕ್ಕೆ, ಬಿಸಿಲು ಅಲ್ಲಿಂದ ಕೆಳಕ್ಕೆ. ಬಿಸಿಲಿನ ಬಿಲ್ಲೆ ಗೋಡೆಯಿಂದ ಇಳಿದು ಬೀಸುಕಲ್ಲಿನ ತನಕ ಬಂದರೆ ರೊಟ್ಟಿ ಬಡಿಯುವ ಹೊತ್ತು. ಮಳೆ ಬಂತೆಂದರೆ ಯಾರಾದರೂ ಮಾಳಿಗೆ ಹತ್ತಿ ಅದರ ಮೇಲೆ ಕಲ್ಲು ಮುಚ್ಚಬೇಕು. ಆ ಕೆಲಸ ಸದಾ ಮನೆಯ ಸಣ್ಣ ಹುಡುಗನ ಪಾಲಿಗೆ.

ರಾತ್ರಿಗೆ ಚಿಮಣಿ, ಕಂದೀಲು. ಬಡವರ ಮನೆಗೆ ಒಂದೇ ಒಂದು ಬಲ್ಬು ಕೊಡುವ ಭಾಗ್ಯಜ್ಯೋತಿ ರಾಜ್ಯದಲ್ಲಿ ಶುರುವಾದದ್ದು 1979-80ರಲ್ಲಿ. ಆ ಬಲ್ಬು ಜಂತಿಯಿಂದ ಜೋತಾಡುತ್ತಿತ್ತು. ಆಮೇಲೆ ಗರ್ಡರು ಹಾಕಿ ಶಹಾಬಾದ್ ಫರ್ಸಿ ಹೊದಿಸಿದ ಮನೆಗಳು ಬಂದವು. ಫರ್ಸಿಯೊಳಗೆ ದೀಪ ಹುದುಗಿಸುವುದು ಆಗದ ಮಾತು, ಹಾಗಾಗಿ ಟ್ಯೂಬ್‌ಲೈಟು ಗೋಡೆಗೆ ಹೋಯಿತು. ಸ್ಲ್ಯಾಬು ಬಂದಾಗ ವೈರಿನ ಪೈಪು, ಫ್ಯಾನ್ ಬಾಕ್ಸು ಕಾಂಕ್ರೀಟಿನೊಳಗೆ ಸೇರಿದವು. ದೀಪ ಮಾತ್ರ ಹೊರಗೇ ಉಳಿಯಿತು.

ದೀಪ ಒಳಗೆ ಅಡಗಬೇಕಾದರೆ ಮೇಲೆ ಪೊಳ್ಳು ಬೇಕು. ಆ ಪೊಳ್ಳು ಕೊಟ್ಟದ್ದು ಪಿಒಪಿಯ ಫಾಲ್ಸ್ ಸೀಲಿಂಗು. ಜಿಪ್ಸಂ ಕಲ್ಲನ್ನು ಸುಮಾರು 150 ಡಿಗ್ರಿಗೆ ಕಾಸಿದರೆ ಅದರೊಳಗಿನ ನೀರಿನ ಮುಕ್ಕಾಲು ಪಾಲು ಹಾರಿ ಪುಡಿಯಾಗುತ್ತದೆ. ನೀರು ಬೆರೆಸಿದರೆ ನಿಮಿಷಗಳಲ್ಲಿ ಮತ್ತೆ ಗಟ್ಟಿ. ಪಿಒಪಿ ಎಂದರೆ ಇಷ್ಟೇ. ದೇಶದ ಜಿಪ್ಸಂ ಹೆಚ್ಚಾಗಿ ಸಿಗುವುದು ರಾಜಸ್ಥಾನದಲ್ಲಿ. ಮಾವನ ಮನೆಯಲ್ಲಿ ಕರಣಿ ಹಿಡಿದ ಹುಡುಗರೂ ಅಲ್ಲಿಯವರೇ.

ಆದರೆ ಪೊಳ್ಳಿನೊಳಗೆ ಇಡುವ ದೀಪ ಬಿಸಿಯಾಗಬಾರದು. ಹಳೆಯ 50 ವ್ಯಾಟಿನ ಹ್ಯಾಲೊಜೆನ್ ಮುಟ್ಟಿದರೆ ಕೈ ಸುಡುತ್ತಿತ್ತು. ಅದು ಹೋಟೆಲು, ಒಡವೆ ಅಂಗಡಿಗಳ ಶೋಕಿ. ಊರಮನೆಗೆ ಈ ಲೈಟು ಬಂದದ್ದು ಎಲ್‌ಇಡಿಯಿಂದ. ನೀಲಿ ಎಲ್‌ಇಡಿಯ ಮೇಲೆ ಹಳದಿ ಫಾಸ್ಫರ್ ಲೇಪಿಸಿದರೆ ಬಿಳಿ ಬೆಳಕು. ಆ ನೀಲಿಯನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರಲ್ಲಿ ನೊಬೆಲ್ ಬಂತು. ಮರುವರ್ಷ ಡಿಸೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ 'ಹೊಸ ಬೆಳಕು' ಯೋಜನೆ ಶುರುವಾಗಿ 9 ವ್ಯಾಟಿನ ಎಲ್‌ಇಡಿ ಬಲ್ಬು ನೂರು ರೂಪಾಯಿಗೆ ಸಿಕ್ಕಿತು.

ಕೂರಿಸುವ ಕೆಲಸ ನೋಡಲು ಚೆಂದ. ದಾರ ಹಿಡಿದು ಗುರುತು, ಗರಗಸದಿಂದ ತೂತು, ಎಲ್‌ಇಡಿಗೆ ತಕ್ಕಂತೆ ಕರೆಂಟು ಹದಗೊಳಿಸುವ ಡ್ರೈವರಿಗೆ ವೈರು. ಲೈಟಿನ ಎರಡು ಸ್ಪ್ರಿಂಗನ್ನು ಮೊಲದ ಕಿವಿಯಂತೆ ಮೇಲಕ್ಕೆ ಮಡಚಿ ಒಳಗೆ ತಳ್ಳಿದರೆ ಟಕ್ ಎಂದು ಬಿಚ್ಚಿಕೊಂಡು ಕಚ್ಚುತ್ತವೆ.

ತೆಗೆಯುವುದು ಅಷ್ಟು ಸಲೀಸಲ್ಲ. ಇದು ನನ್ನದೇ ಮನೆಯ ಪಾಠ. ಲೈಟು ಕೆಟ್ಟಿತೆಂದು ಎಂಸಿಬಿ ಇಳಿಸಿ, ಸ್ಟೂಲು ಹತ್ತಿ, ಅವಸರಕ್ಕೆ ಎಳೆದೆ. ಒಂದು ಸ್ಪ್ರಿಂಗು ಇಲಿಬೋನಿನಂತೆ ಬೆರಳಿಗೆ ಬಡಿಯಿತು, ಇನ್ನೊಂದು ಪಿಒಪಿಯ ಅಂಚನ್ನೇ ಕಿತ್ತುಕೊಂಡು ಬಂತು. ಒಂದಂಗುಲ ಇಳಿಸಿ, ಸಂದಿಯಲ್ಲಿ ಬೆರಳಿಟ್ಟು ಎರಡೂ ಸ್ಪ್ರಿಂಗನ್ನು ಮೇಲಕ್ಕೆ ಮಡಚಿ ಹಿಡಿಯಬೇಕಿತ್ತಂತೆ. ಅಷ್ಟಾದ ಮೇಲೆ ತಿಳಿಯಿತು, ದೀಪ ಚೆನ್ನಾಗಿಯೇ ಇತ್ತು, ಕೆಟ್ಟದ್ದು ಡ್ರೈವರು. ಅದರ ಮೇಲೆ ಬರೆದ ವ್ಯಾಟು, ಮಿಲಿಆಂಪಿಯರ್, ವೋಲ್ಟು ಹೊಂದುವ ಡ್ರೈವರು ತಂದಿದ್ದರೆ ಸಾಕಿತ್ತು.

ಅಂಗಡಿಯಲ್ಲಿ ಸಿಕ್ಕ ಹೊಸ ಲೈಟು ಹಳೆಯ ತೂತಿಗಿಂತ ಅರ್ಧ ಅಂಗುಲ ಸಣ್ಣದು. ತೂತನ್ನು ದೊಡ್ಡದು ಮಾಡಬಹುದು, ಸಣ್ಣದು ಮಾಡಲಾಗದು. ಒಳಗಡೆ ಪಟ್ಟಿ ಕೊಟ್ಟು, ಜಾಲರಿ ಟೇಪು ಹಚ್ಚಿ, ಪಿಒಪಿ ತುಂಬಿ, ಉಜ್ಜಿ ಬಣ್ಣ ಬಳಿದರೂ ಪಕ್ಕದಿಂದ ಬೆಳಕು ಬಿದ್ದಾಗ ಉಂಗುರದಂತೆ ಗುರುತು ಕಾಣುತ್ತದೆ. ನಮ್ಮ ಮನೆಯಲ್ಲಿ ಈಗಲೂ ಕಾಣುತ್ತದೆ.

ಇದನ್ನೆಲ್ಲ ಹೇಳಿದ ಮೇಲೆ ಮಾವ ಇಪ್ಪತ್ನಾಕನ್ನು ಹದಿನಾಲ್ಕಕ್ಕೆ ಇಳಿಸಿದರು, ಅಷ್ಟರಲ್ಲಿ ಹದಿನಾರು ಕೊರೆದಾಗಿತ್ತು. ಬೆಳಕಿಂಡಿ ಇದ್ದ ಅಡುಗೆಮನೆಯಲ್ಲಿ ಈಗ ಹಗಲು ಹನ್ನೊಂದಕ್ಕೂ ಸ್ವಿಚ್ ಒತ್ತಬೇಕು.

ಮನೆ ರಿಪೇರಿಗೆ ಕೈಹಾಕುವವರು ಇಷ್ಟು ಮಾಡಿ: ಲೈಟು ಮೊದಲು ತನ್ನಿ, ತೂತು ಆಮೇಲೆ ಕೊರೆಸಿ. ಎರಡು ಲೈಟು ಹೆಚ್ಚಿಗೆ ಇರಲಿ. ಡಬ್ಬಿಯ ಮೇಲಿನ ಕಟೌಟ್ ಅಳತೆ ಕತ್ತರಿಸಿ ಎಂಸಿಬಿ ಪೆಟ್ಟಿಗೆಯ ಬಾಗಿಲ ಒಳಗೆ ಅಂಟಿಸಿಡಿ.