ಅನ್ಯಮೂಲ ಕೋರಿಕೆ

ಅನ್ಯಮೂಲ ಕೋರಿಕೆ ಎಂದರೆ ಒಂದು ಜಾಲಪುಟದಲ್ಲಿರುವ ಜಾವಾಸ್ಕ್ರಿಪ್ಟ್ ಬೇರೊಂದು ಮೂಲದ ಸರ್ವರ್‌ನಿಂದ ಮಾಹಿತಿಯನ್ನು ಕೋರುವ ಕ್ರಿಯೆ. ಹವಾಮಾನ, ಭೂಪಟ ಮೊದಲಾದ ಸೇವೆಗಳನ್ನು ಅನ್ಯ ತಾಣಗಳಿಂದ ಪಡೆಯುವ ಪುಟಗಳಿಗೆ ಇದು ಅಗತ್ಯ. ಬಳಕೆದಾರರ ಖಾಸಗಿ ಮಾಹಿತಿಯ ರಕ್ಷಣೆಗಾಗಿ ಬ್ರೌಸರ್‌ಗಳು ಇದನ್ನು ನಿರ್ಬಂಧಿಸುತ್ತವೆ.

ಸಮಾನಮೂಲ ನೀತಿ

ಪ್ರೋಟೋಕಾಲ್, ಡೊಮೇನ್ ಹೆಸರು ಮತ್ತು ಪೋರ್ಟ್ ಈ ಮೂರೂ ಒಂದೇ ಆಗಿದ್ದರೆ ಮಾತ್ರ ಎರಡು ವಿಳಾಸಗಳನ್ನು ಸಮಾನಮೂಲದವು ಎಂದು ಪರಿಗಣಿಸಲಾಗುತ್ತದೆ. ಹೆಸರು ಒಂದೇ ಆದರೂ ಎಚ್‌ಟಿಟಿಪಿ (ಪೋರ್ಟ್ 80) ಮತ್ತು ಎಚ್‌ಟಿಟಿಪಿಎಸ್ (ಪೋರ್ಟ್ 443) ವಿಳಾಸಗಳು ಬೇರೆ ಬೇರೆ ಮೂಲದವು. ಈ ನೀತಿಯು 1990ರ ದಶಕದ ಮಧ್ಯಭಾಗದಲ್ಲಿ ನೆಟ್‌ಸ್ಕೇಪ್ ನ್ಯಾವಿಗೇಟರ್ 2ರೊಂದಿಗೆ ಬಳಕೆಗೆ ಬಂದಿತು.

ಬಳಕೆದಾರನೊಬ್ಬ ಬ್ಯಾಂಕಿನ ತಾಣಕ್ಕೆ ಲಾಗಿನ್ ಆಗಿರುವಾಗಲೇ ವಂಚಕ ಪುಟವೊಂದನ್ನು ತೆರೆದನೆಂದು ಭಾವಿಸಬಹುದು. ಆ ಪುಟ ಬ್ಯಾಂಕಿಗೆ ಕಳುಹಿಸುವ ಕೋರಿಕೆಯೊಂದಿಗೆ ಬಳಕೆದಾರನ ಕುಕಿಗಳೂ ಹೋಗುವ ಸಾಧ್ಯತೆಯಿದೆ. ಈ ನೀತಿ ಇಲ್ಲದಿದ್ದರೆ ಅವನ ಖಾತೆಯ ವಿವರಗಳನ್ನು ವಂಚಕ ಪುಟವು ಓದಬಲ್ಲದು.

ಜೆಸನ್‌ಪಿ

ಚಿತ್ರ ಮತ್ತು ಸ್ಕ್ರಿಪ್ಟ್‌ಗಳನ್ನು ಅನ್ಯಮೂಲದಿಂದ ಸೇರಿಸಿಕೊಳ್ಳಲು ಅನುಮತಿ ಇದೆ. ಇದನ್ನೇ ಆಧರಿಸಿ 2005ರಲ್ಲಿ ಜೆಸನ್‌ಪಿ ವಿಧಾನವು ರೂಪುಗೊಂಡಿತು. ಇದರಲ್ಲಿ ಸರ್ವರ್ ಮಾಹಿತಿಯನ್ನು ಒಂದು ಫಂಕ್ಷನ್ ಕರೆಯೊಳಗೆ ಇರಿಸಿ, ಸ್ಕ್ರಿಪ್ಟ್ ರೂಪದಲ್ಲಿ ಕಳುಹಿಸುತ್ತದೆ. ಬಂದ ಸ್ಕ್ರಿಪ್ಟ್ ನೇರವಾಗಿ ಪುಟದಲ್ಲಿ ಕಾರ್ಯಗತವಾಗುವುದರಿಂದ ಅನ್ಯ ಸರ್ವರ್ ಅನ್ನು ಸಂಪೂರ್ಣವಾಗಿ ನಂಬಬೇಕಾಗುತ್ತದೆ. ಇದರಿಂದ ಗೆಟ್ ಕೋರಿಕೆಗಳು ಮಾತ್ರ ಸಾಧ್ಯ.

ಕಾರ್ಸ್

ಕಾರ್ಸ್ ಇಂದಿನ ಅಧಿಕೃತ ವಿಧಾನವಾಗಿದ್ದು, 2014ರಲ್ಲಿ ಡಬ್ಲ್ಯು3ಸಿ ಶಿಫಾರಸಾಯಿತು. ಬ್ರೌಸರ್ ಕೋರಿಕೆಯೊಂದಿಗೆ 'ಆರಿಜಿನ್' ಎಂಬ ಹೆಡರ್‌ನಲ್ಲಿ ಪುಟದ ಮೂಲವನ್ನು ತಿಳಿಸುತ್ತದೆ. ಸರ್ವರ್ ತನ್ನ ಉತ್ತರದ 'ಆಕ್ಸೆಸ್-ಕಂಟ್ರೋಲ್-ಅಲೋ-ಆರಿಜಿನ್' ಹೆಡರ್‌ನಲ್ಲಿ ಆ ಮೂಲವನ್ನು ಹೆಸರಿಸಿದರೆ ಮಾತ್ರ ಉತ್ತರವು ಜಾವಾಸ್ಕ್ರಿಪ್ಟ್‌ಗೆ ದೊರೆಯುತ್ತದೆ. ಹೆಸರಿನ ಬದಲು ನಕ್ಷತ್ರ ಚಿಹ್ನೆ (*) ಇದ್ದರೆ ಎಲ್ಲ ಮೂಲಗಳಿಗೂ ಅನುಮತಿ ಇದೆ ಎಂದರ್ಥ. ಆದರೆ ಕುಕಿಸಹಿತ ಕೋರಿಕೆಗಳಿಗೆ ಈ ಚಿಹ್ನೆ ಸಲ್ಲುವುದಿಲ್ಲ. ಪುಟ್, ಡಿಲೀಟ್ ಮುಂತಾದ ಕೋರಿಕೆಗಳಿಗೆ ಮೊದಲು ಬ್ರೌಸರ್ ತಾನಾಗಿಯೇ 'ಆಪ್ಷನ್ಸ್' ಎಂಬ ಪೂರ್ವಪರೀಕ್ಷಾ ಕೋರಿಕೆಯನ್ನು ಕಳುಹಿಸಿ ಅನುಮತಿ ಕೇಳುತ್ತದೆ.

ಮಿತಿಗಳು

ಕಾರ್ಸ್ ಅನುಮತಿಯನ್ನು ನೀಡಬೇಕಾದುದು ಮಾಹಿತಿ ಹೊಂದಿರುವ ಸರ್ವರ್. ಕೋರುವ ಪುಟದಲ್ಲಿ ಬದಲಾವಣೆ ಮಾಡಿ ಅದನ್ನು ಪಡೆಯಲಾಗದು. ಅನ್ಯ ಸರ್ವರ್ ಅನುಮತಿ ನೀಡದಿದ್ದಲ್ಲಿ, ಪುಟದ ಸ್ವಂತ ಸರ್ವರ್ ಮೂಲಕ ಮಾಹಿತಿ ತರಿಸಿಕೊಳ್ಳುವ ಪ್ರಾಕ್ಸಿ ವಿಧಾನವನ್ನು ಅನುಸರಿಸಲಾಗುತ್ತದೆ. ಈ ನಿರ್ಬಂಧವು ಬ್ರೌಸರ್‌ಗೆ ಸೀಮಿತವಾದುದರಿಂದ ಸರ್ವರ್‌ಗಳ ನಡುವಿನ ಸಂಪರ್ಕಕ್ಕೆ ಅನ್ವಯಿಸುವುದಿಲ್ಲ. ಪೂರ್ವಪರೀಕ್ಷೆ ಬೇಕಿಲ್ಲದ ಸರಳ ಕೋರಿಕೆಗಳು, ಉತ್ತರವನ್ನು ಓದಲು ಅನುಮತಿ ಇಲ್ಲದಿದ್ದರೂ ಸರ್ವರ್ ಅನ್ನು ತಲುಪುತ್ತವೆ. ಆದ್ದರಿಂದ ಹಣ ವರ್ಗಾವಣೆಯಂತಹ ಸೇವೆಗಳಿಗೆ ಕಾರ್ಸ್ ಒಂದೇ ಸಾಲದು. ಪ್ರತ್ಯೇಕ ಭದ್ರತಾ ಕ್ರಮಗಳೂ ಅವಶ್ಯಕ.